ಬೆಳ್ಳುಳ್ಳಿ ಸೀದ ಸಂಜೆ

"ಇದು ನಿನ್ನೆಯದು!"

ಒಂದು ಸೀಗಡಿಯನ್ನು ಮೂಗಿನ ಹತ್ತಿರ ಹಿಡಿದು ಅವಳು ಹಾಗೆಂದಾಗ ಮೀನುಪೇಟೆಯ ಆ ಸಾಲೆಲ್ಲ ತಿರುಗಿ ನೋಡಿತ್ತು.

"ಏನ್ರೀ, ಬಾಯಿಗೆ ಬಂದಹಾಗೆ ಮಾತಾಡ್ತೀರಲ್ಲ! ಬೆಳಿಗ್ಗೆ ಐದಕ್ಕೆ ಇಳಿಸಿದ ಮಾಲು ಇದು."

"ಮೇಲಿರೋದು ಬೆಳಿಗ್ಗೇದು. ಅಡಿಯಲ್ಲಿರೋದು ನಿನ್ನೇದು. ಬೇಕಾದ್ರೆ ನೀವೇ ಮೂಸಿ ನೋಡಿ."

ಅಂಗಡಿಯವನು ಮೂಸಿದ. ಕಿವಿಯವರೆಗೂ ಕೆಂಪಾದ. ಮಾಲು ಕೊಟ್ಟವನು ಅವನಿಗೇ ಟೋಪಿ ಹಾಕಿದ್ದ! ಇಡೀ ತಟ್ಟೆಯನ್ನು ಕಸದ ಡಬ್ಬಕ್ಕೆ ಸುರಿದುಬಿಟ್ಟ.

ಹಾಗೆ ಸುರಿದ ಕೈಗಳನ್ನು ಅವಳು ಅಂದೇ ಮನಸ್ಸಿನಲ್ಲಿಟ್ಟುಕೊಂಡಳು.

ಇದು ಮೂರು ವರ್ಷದ ಹಿಂದಿನ ಮಾತು. ಆಸ್ಪತ್ರೆಯ ಕ್ಯಾಂಟೀನಿನ ಆ ಅಡುಗೆಯವಳಿಗೆ ಪೇಟೆಯವರು ಇಟ್ಟ ಹೆಸರು 'ಮೂಗು ರಾಣಿ'. ಉಳಿದವರಿಗೆ ಅದು ತಮಾಷೆ. ಅವನ ಬಾಯಲ್ಲಿ ಮಾತ್ರ ಬರುಬರುತ್ತಾ ಬರೀ 'ರಾಣಿ' ಆಗಿ ಉಳಿಯಿತು.

ದಿನಾ ಬೆಳಿಗ್ಗೆ ಒಳ್ಳೆಯ ಸೀಗಡಿಯನ್ನು ಅವಳಿಗೆಂದೇ ಮಂಜುಗಡ್ಡೆಯ ಕೆಳಗೆ ಎತ್ತಿಡುತ್ತಿದ್ದ. ಅವಳು ಮೂಸಿ ತಲೆಯಾಡಿಸಿದರೆ ಸಾಕು, ಅವನ ದಿನ ಬೆಳಗುತ್ತಿತ್ತು!

ಆದರೆ...

ಎರಡು ತಿಂಗಳ ಹಿಂದೆ ಅವಳಿಗೆ ಜ್ವರ ಬಂತು. ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಕಾಫಿ ಪುಡಿಯ ವಾಸನೆಯಿಲ್ಲ, ಸೋಪಿನದಿಲ್ಲ, ಸೀದ ಅನ್ನದ್ದೂ ಇಲ್ಲ.

"ಬಂದರೂ ಬರಬಹುದು, ಬಾರದೆಯೂ ಇರಬಹುದು," ಎಂದರು ಡಾಕ್ಟರು.

ಗುಟ್ಟು ಗೊತ್ತಿದ್ದದ್ದು ಅವಳ ಅಜ್ಜಿಗೆ ಮಾತ್ರ. ಮೊಣಕಾಲು ನೋವಿನಿಂದ ಮಂಚ ಹಿಡಿದಿದ್ದರೂ ಮೊಮ್ಮಗಳು ಒಲೆಯ ಮುಂದೆ ನಿಂತರೆ ಸಾಕು, ಒಳಗಿನಿಂದ ಕೂಗುತ್ತಿದ್ದಳು: "ಲೇ, ತಳ ಹಿಡೀತಿದೆ ಕಣೇ!" ಅಜ್ಜಿಯ ಮೂಗಿನ ಮೇಲೆ ಮನೆಯ ಒಲೆ ನಡೆಯುತ್ತಿತ್ತು. ಕ್ಯಾಂಟೀನಿನಲ್ಲಿ? ಅಲ್ಲಿ ದೇವರೇ ಗತಿ.

ಅಷ್ಟರಲ್ಲಿ ಒಂದು ಮಧ್ಯಾಹ್ನ, ಪೇಟೆಯಲ್ಲಿ ಮೀನಿನ ಹಲಗೆ ತೊಳೆದು ಮುಗಿಸಿದ ಅವನು ಒದ್ದೆ ಕೈಯನ್ನೇ ಅವಳ ಮುಂದೆ ಚಾಚಿದ.

"ರಾಣೀ... ನನ್ನನ್ನ ಮದುವೆ ಆಗ್ತೀಯಾ?"

ಅವಳು ಆ ಕೈಯತ್ತ ಬಾಗಿದಳು. ಉಪ್ಪು, ಮಂಜುಗಡ್ಡೆ, ಕಡಲು... ಮೂರು ವರ್ಷದಿಂದ ಕಣ್ಣು ಮುಚ್ಚಿದರೂ ಗುರುತಿಸುತ್ತಿದ್ದ ಕೈ. ಇಂದು ಕಲ್ಲನ್ನು ಮೂಸಿದಂತಾಯಿತು.

'ಇವನೂ ಹೋದನೇ ನನ್ನಿಂದ? ದೇವರೇ, ಇವನೂ...?'

ಅಳು ಉಕ್ಕಿತು. ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು, ತಿರುಗಿಯೂ ನೋಡದೆ ಓಡಿಬಿಟ್ಟಳು.

ಅವನ ಕಣ್ಣಿಗೆ ಬಿದ್ದದ್ದು ಇಷ್ಟೇ: ತನ್ನ ಕೈ ಹತ್ತಿರ ಬಂದದ್ದೇ ತಡ, ಅವಳು ಮೂಗು ಮುಚ್ಚಿಕೊಂಡಳು!

ಅಂದಿನಿಂದ ಅವಳು ಪೇಟೆಯ ಕಡೆ ಕಾಲಿಡಲಿಲ್ಲ. ಹದಿನೈದು ದಿನ ಕಳೆದ ಮೇಲೆ, ಅವನ ಪಕ್ಕದಲ್ಲಿ ಏಡಿ ಮಾರುವ ಅಕ್ಕ ಕ್ಯಾಂಟೀನಿಗೇ ಬಂದಳು.

"ಏನು ಮಾಡಿದ್ಯೇ ಅವನಿಗೆ? ಅಪ್ಪನ ಕಾಲದ ಅಂಗಡಿ ಬಿಡ್ತಾನಂತೆ! ಇವತ್ತು ಸಂಜೆ ಆರಕ್ಕೆ ತಕ್ಕಡಿ, ತಟ್ಟೆ ಎಲ್ಲ ನನ್ನ ಕೈಗೆ. ಊರಾಚೆ ಸೋಪು ಕಾರ್ಖಾನೆಗೆ ಸೇರ್ತಾನಂತೆ."

ಅವಳ ಕೈಯಲ್ಲಿದ್ದ ಸೌಟು ಜಾರಿತು. 'ನನ್ನ ಮುಖ ನೋಡಬಾರದು ಅಂತ ಊರೇ ಬಿಡ್ತಿದ್ದಾನೆ...'

"ಅಕ್ಕಾ, ಅರ್ಧ ಕಿಲೋ ಸೀಗಡಿ ಮನೆಗೆ ತಂದುಕೊಡೋಕೆ ಹೇಳ್ತೀಯಾ? ಕೊನೇ ಸಲ ಅಂತ ಹೇಳು."

'ನಿನ್ನ ಕೈಯಡುಗೇಲಿ ನನ್ನ ಸೀಗಡಿ ಒಂದ್ಸಲ ತಿನ್ನಬೇಕು' ಎಂದು ಅವನು ಎಷ್ಟು ಸಲ ಕೇಳಿದ್ದ! ಅದೊಂದನ್ನಾದರೂ ಬಡಿಸಿ ಕಳಿಸಬೇಕು. ನಿಜ ಮಾತ್ರ ಹೇಳಬಾರದು. ಹೇಳಿದರೆ ಕನಿಕರಪಟ್ಟು ಉಳಿದಾನು. ಮೂಗು ಸತ್ತ ಅಡುಗೆಯವಳನ್ನು ಯಾರು ತಾನೇ ಬಯಸಿ ಕಟ್ಟಿಕೊಳ್ಳುತ್ತಾರೆ?

ಸಂಜೆ ಐದಾಗುವುದರೊಳಗೆ ಕ್ಯಾರೆಟ್ ಕಡ್ಡಿಗಳಾಗಿತ್ತು, ಬೀನ್ಸ್ ಓರೆಯಾಗಿ ತುಂಡಾಗಿತ್ತು, ದಪ್ಪ ಮೆಣಸಿನಕಾಯಿ, ಎಲೆಕೋಸು ತಟ್ಟೆಯಲ್ಲಿ ಸಾಲಾಗಿ ಕಾಯುತ್ತಿದ್ದವು. ಬೆಳ್ಳುಳ್ಳಿಯನ್ನು ಮಾತ್ರ ಎರಡೆರಡು ಸಲ ಹೆಚ್ಚಿದಳು. ಮೊದಲ ಸಲ ಚೂರು ಸಮನಾಗಿರಲಿಲ್ಲ.

ಐದೂಕಾಲಿಗೆ ಬಾಗಿಲು ಸದ್ದಾಯಿತು.

ಅವನು ಹೊಸ್ತಿಲಾಚೆಯೇ ನಿಂತಿದ್ದ. ಚಿಪ್ಪು ಬಿಡಿಸಿ, ಬೆನ್ನಿನ ಕಪ್ಪು ನರ ತೆಗೆದು ತೊಳೆದ ಸೀಗಡಿಯ ಡಬ್ಬಿಯನ್ನು ಕೈ ಉದ್ದ ಮಾಡಿ ದೂರದಿಂದಲೇ ಕೊಟ್ಟ.

"ಒಳಗೆ ಬಾ. ಹತ್ತು ನಿಮಿಷ, ಈಗ ಹುರಿದುಬಿಡ್ತೀನಿ."

"ಬೇಡ. ಇಲ್ಲೇ ಇರ್ತೀನಿ."

"ಒಳಗೆ ಬಾರೋ ಮಗಾ," ಕೋಣೆಯಿಂದ ಅಜ್ಜಿಯ ದನಿ. "ಬಾಗಿಲಲ್ಲಿ ನಿಂತು ಸಾಲ ವಸೂಲಿ ಮಾಡೋಕೆ ಬಂದಿದ್ದೀಯಾ?"

"ಬಟ್ಟೆ ಸರಿಯಿಲ್ಲ ಅಜ್ಜಿ," ಎಂದ. ನಗಲಿಲ್ಲ.

ಅಡುಗೆಮನೆಗೂ ಬಾಗಿಲಿಗೂ ನಾಲ್ಕೇ ಹೆಜ್ಜೆ. ಅವಳು ದೊಡ್ಡ ಉರಿಯಲ್ಲಿ ಬಾಣಲೆ ಇಟ್ಟಳು. ಎಣ್ಣೆ ಕಾಯಿತು. ಬೆಳ್ಳುಳ್ಳಿ ಬಿತ್ತು, ಚುಂಯ್ ಎಂದಿತು. ಸೌಟು ಹಿಡಿದೇ ಅವನ ಕಡೆ ತಿರುಗಿದಳು. ಇನ್ನು ನೋಡಸಿಗುವವನಲ್ಲ. ಕಣ್ಣು ತುಂಬ ನೋಡುವುದರಲ್ಲಿ ಒಲೆ ಮರೆತೇಹೋಯಿತು.

"ಆರಕ್ಕೆ ಹೋಗಲೇಬೇಕಾ?"

"ಹ್ಞೂಂ. ಮಾತು ಕೊಟ್ಟಿದ್ದೀನಿ."

"ಅಪ್ಪನ ಅಂಗಡಿ ಅಲ್ವಾ..."

ಅವನ ಮೂಗು ಅರಳಿತು, ಹುಬ್ಬು ಗಂಟಾಯಿತು. ಮಾತು ನಿಂತುಹೋಗುವುದನ್ನು ತಾಳಲಾರದೆ ಅವಳು ಬಲವಂತವಾಗಿ ನಕ್ಕಳು.

"ಹೇಗಿದೆ ಬೆಳ್ಳುಳ್ಳಿ ಘಮ? ಬಾಗಿಲವರೆಗೂ ಬರ್ತಿದೆ ಅಲ್ವಾ!"

ಅವನು ಕಣ್ಣು ಮಿಟುಕಿಸದೆ ನೋಡಿದ. ಅವಳ ಬೆನ್ನ ಹಿಂದೆ ಕಪ್ಪು ಹೊಗೆ ಏಳುತ್ತಿತ್ತು.

"ರಾಣೀ... ಅದು ಸೀದು ಇದ್ದಿಲಾಗಿದೆ."

ಗಕ್ಕನೆ ತಿರುಗಿದಳು. ಒಲೆ ಆರಿಸಿದಳು. ಬಾಣಲೆಯಲ್ಲಿ ಕರಿ ಚೂರುಗಳು. ಎರಡು ತಿಂಗಳ ಸುಳ್ಳು ಅಲ್ಲಿ ಬಯಲಾಗಿ ಬಿದ್ದಿತ್ತು.

"ನಿನಗೆ... ಗೊತ್ತಾಗಲಿಲ್ವಾ? ಒಂದು ಸೀಗಡಿ ಮೂಸಿ ಇಡೀ ತಟ್ಟೆಯ ಮೋಸ ಹಿಡಿದವಳು ನೀನು!"

"ಏನೂ ಗೊತ್ತಾಗಲ್ಲ ನನಗೆ!" ಅವಳು ನೆಲಕ್ಕೆ ಕುಸಿದಳು. "ಜ್ವರ ಬಂದಮೇಲೆ ಒಂದು ವಾಸನೇನೂ ಇಲ್ಲ! ಕ್ಯಾಂಟೀನಲ್ಲಿ ದಿನಾ ಸಾಯ್ತೀನಿ, ಯಾರಿಗಾದ್ರೂ ಕೆಟ್ಟದ್ದು ಬಡಿಸಿಬಿಟ್ರೆ ಅಂತ! ನೀನು ಕೈ ಚಾಚಿದ್ಯಲ್ಲ ಅವತ್ತು... ನಿನ್ನ ಕೈಯಲ್ಲೂ ಏನೂ ಸಿಗಲಿಲ್ಲ ಕಣೋ... ಅದಕ್ಕೇ ಅತ್ತೆ, ಅದಕ್ಕೇ ಓಡಿದೆ!"

ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಅವಳ ಮುಂದೆ ಕುಳಿತ. ಎರಡೂ ಅಂಗೈ ಬಿಡಿಸಿ ತೋರಿಸಿದ. ನಿಂಬೆಹಣ್ಣು, ಸೋಪು, ಒರಟು ಬ್ರಶ್ಶು... ಉಜ್ಜಿ ಉಜ್ಜಿ ಬೆರಳು, ಅಂಗೈಗಳೆಲ್ಲ ಬಿರಿದು ಕೆಂಪಾಗಿದ್ದವು.

"ನಾನು ನಾರ್ತೀನಿ ಅಂತ ನೀನು ಮೂಗು ಮುಚ್ಚಿಕೊಂಡೆ ಅಂದ್ಕೊಂಡೆ. ಎಷ್ಟು ತೊಳೆದ್ರೂ ಹೋಗಲಿಲ್ಲ ರಾಣೀ. ಅದಕ್ಕೇ ಅಂಗಡೀನೇ ಬಿಡೋಣ ಅಂತ..."

"ಅಯ್ಯೋ ಹುಚ್ಚಪ್ಪಾ!" ಅವಳು ಆ ಕೈಗಳನ್ನು ಎದೆಗವುಚಿಕೊಂಡಳು. "ಆ ವಾಸನೇನೇ ನಾನು ಎರಡು ತಿಂಗಳಿಂದ ಹುಡುಕ್ತಿರೋದು!"

ಮರುಕ್ಷಣ ಅವಳ ಹಿಡಿತ ಸಡಿಲವಾಯಿತು.

"ಕನಿಕರಕ್ಕೆ ಉಳಿಯೋದಾದ್ರೆ ಬೇಡ. ಈಗಲೇ ಹೋಗು."

"ಕನಿಕರಾನಾ? ಮೂರು ವರ್ಷ ನಿನ್ನ ಮೂಗಿಗೆ ಹೆದರಿ ಬದುಕಿದವನು ನಾನು. ಹೆದರಿದ್ದು ಮೂಗಿಗೆ. ಇಷ್ಟಪಟ್ಟಿದ್ದು ನಿನ್ನನ್ನ."

ಅವನು ಜೇಬಿನಿಂದ ಫೋನು ತೆಗೆದ. "ಅಕ್ಕಾ, ತಕ್ಕಡಿ ಮುಟ್ಟಬೇಡ. ಬೆಳಿಗ್ಗೆ ನಾನೇ ಬರ್ತೀನಿ... ಬೈಕೋ, ನಾಳೆ ಬಂದು ಬೈಸ್ಕೊಳ್ತೀನಿ."

"ಈಗಲಾದ್ರೂ ಆ ಬಾಣಲೆ ತೊಳೀರಪ್ಪಾ," ಅಜ್ಜಿ ಕೂಗಿದಳು. "ಹೊಗೆ ಕುಡಿದು ಕುಡಿದು ಗಂಟಲು ಕಟ್ತು!"

ಅವಳು ಬೆಚ್ಚಿದಳು. "ಅಜ್ಜೀ! ನಿನಗೆ ವಾಸನೆ ಬಂದಿತ್ತಾ? ಯಾಕೆ ಕೂಗಲಿಲ್ಲ?"

"ದಿನಾ ಕೂಗ್ತೀನಿ. ಇವತ್ತು ಅವನು ಕೂಗಲಿ ಅಂತ ಬಾಯಿ ಹಿಡ್ಕೊಂಡು ಕೂತಿದ್ದೆ."

ಬಾಣಲೆ ತೊಳೆದು ಮತ್ತೆ ಒಲೆಗೇರಿತು. ಈ ಸಲ ಅವನು ಪಕ್ಕದಲ್ಲೇ ನಿಂತ. ಹೊಸ ಬೆಳ್ಳುಳ್ಳಿ ಬಿದ್ದ ಸ್ವಲ್ಪ ಹೊತ್ತಿಗೆ "ಈಗ" ಎಂದ. ಅವಳು ಸೀಗಡಿ ಸುರಿದು ಕಣ್ಣು ಮುಚ್ಚಿ ಆಲಿಸಿದಳು. ಮೊದಲು ನೀರು ಬಿಡುವ ಒದ್ದೆ ಸದ್ದು. ನೀರು ಆರುತ್ತಿದ್ದಂತೆ ಚಿಟಪಟ. ಆಗ ತಟ್ಟೆಗೆ ತೆಗೆದಳು. ಅದೇ ಬಾಣಲೆಯಲ್ಲಿ ಕ್ಯಾರೆಟ್ಟು, ಬೀನ್ಸು, ಕೊನೆಗೆ ದಪ್ಪ ಮೆಣಸಿನಕಾಯಿ, ಎಲೆಕೋಸು. ಗರಿಗರಿ ಸದ್ದು ಮೆತ್ತಗಾಗುವ ಮೊದಲೇ ಸೀಗಡಿಯನ್ನು ಮತ್ತೆ ಸೇರಿಸಿ, ಉಪ್ಪು, ಮೆಣಸಿನ ಪುಡಿ ಉದುರಿಸಿ ಇಳಿಸಿದಳು.

ಇಷ್ಟು ದಿನ ಈ ಸದ್ದೂ ತನಗೆ ಕೇಳಿಸುತ್ತಿತ್ತಲ್ಲ, ಅನ್ನಿಸಿತು ಅವಳಿಗೆ. ಅಳುವಿನ ಗದ್ದಲದಲ್ಲಿ ಕಿವಿಯೇ ಕೊಟ್ಟಿರಲಿಲ್ಲ.

"ನಾಳೆ ಕ್ಯಾಂಟೀನಲ್ಲಿ ನಿಜ ಹೇಳಿಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ."

"ನಾನೂ ಜೊತೇಲಿ ಬರ್ತೀನಿ. ಬಾಗಿಲಲ್ಲಿ ನಿಂತಿರ್ತೀನಿ."

"ಬಾಗಿಲಲ್ಲಿ ಬೇಡ. ಒಳಗೆ ಬಾ."

ಅವನು ಮೊದಲ ತುತ್ತು ಬಾಯಿಗಿಟ್ಟ. ಅವನ ಕಣ್ಣಂಚು ಒದ್ದೆಯಾಯಿತು.

"ಉಪ್ಪು ಜಾಸ್ತಿಯಾಯ್ತಾ?"

"ಉಪ್ಪು ಸರಿಯಾಗೇ ಇದೆ. ತಡ ಆಯ್ತು ಅಷ್ಟೇ... ಮೂರು ವರ್ಷ."

ಅವಳು ಅವನ ಬಿರಿದ ಅಂಗೈಯನ್ನು ಮೆಲ್ಲನೆ ಎತ್ತಿ ಮೂಗಿಗೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು.

"ಏನಾದ್ರೂ ಗೊತ್ತಾಯ್ತಾ ರಾಣೀ?"

"ಇಲ್ಲ..." ಎಂದಳು, ಕೈ ಬಿಡದೆ. "ಬೆಚ್ಚಗಿದೆ."