ಹೊಗೆಗಣ್ಣನ ಹೊಳೆಗೆ ಸೇತುವೆ ಕಟ್ಟಿದ್ದು

ಬಹಳ ಬಹಳ ಹಿಂದೆ ನೀಲಕೋಟೆ ಎಂಬ ರಾಜ್ಯದ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಅದರ ತಳದಲ್ಲಿ ಹೊಗೆಗಣ್ಣನೆಂಬ ಮಾಂತ್ರಿಕನಿದ್ದ. ದೊರೆ ಕಟ್ಟಿಸಿದ ಸೇತುವೆ ಎರಡು ಸಲ ಕುಸಿಯಿತು. ಅದರ ಮೇಲಿದ್ದವರನ್ನು ಮಾಂತ್ರಿಕ ಕಲ್ಲು ಮಾಡಿ ತಳದಲ್ಲಿಟ್ಟುಕೊಂಡ. ಒಂದು ಮಳೆಗಾಲ ತಾಳುವ ಸೇತುವೆ ಕಟ್ಟಿದರೆ ಇವರನ್ನು ಬಿಡುತ್ತೇನೆ, ಮತ್ತೆ ಬಿದ್ದರೆ ಇವರೆಲ್ಲ ಮರಳಾಗುತ್ತಾರೆ ಎಂದು ಸಾರಿದ.

ಕಲ್ಲಾದವರಲ್ಲಿ ಗಾರೆ ಕೆಲಸದ ದ್ಯಾವಣ್ಣನೂ ಒಬ್ಬ. ಅವನ ಅಕ್ಕ ಕೆಂಚವ್ವ ಬಾವಿ ತೋಡುವವಳು. ಅವಳು ದೊರೆಯ ಬಳಿ ಹೋಗಿ, ಕಂಬ ನಿಲ್ಲುವ ನೆಲವನ್ನು ಮೊದಲು ತಾನು ನೋಡಬೇಕೆಂದಳು. ದೊರೆ ಆಳುಗಳನ್ನು ಕೊಟ್ಟ.

ದಡದಲ್ಲಿ ಬಿಳಿ ಹಂದಿಯೊಂದು ಕರಿಬಂಡೆಯ ಮೇಲೆ ನಿಂತಿತ್ತು. "ಇಲ್ಲೇ ಕಟ್ಟು, ಬಂಡೆಯಿದೆ" ಎಂದಿತು. ಕೆಂಚವ್ವ ಬಂಡೆಯ ಪಕ್ಕ ತೋಡಿಸಿದಳು. ಆಳುದ್ದ ಇಳಿಯುವಷ್ಟರಲ್ಲಿ ಬಂಡೆ ಮುಗಿದು ಮರಳು ಬಂತು. ಅದು ಹಿಂದೆಂದೋ ಪ್ರವಾಹದಲ್ಲಿ ಉರುಳಿ ಬಂದ ಗುಂಡುಕಲ್ಲು. ಹೊಗೆಗಣ್ಣನ ಮಾಯೆಯಾಗಿದ್ದ ಹಂದಿ ಹೊಗೆಯಾಗಿ ಹೋಯಿತು.

ಮುಂದೆ ನೀಲಿ ಉಡ ಕೂತಿತ್ತು. "ಇಲ್ಲೇ ಕಟ್ಟು, ಹಾರೆಯೂ ಇಳಿಯದು" ಎಂದಿತು. ನಿಜವಾಗಿಯೂ ಹಾರೆ ಇಳಿಯಲಿಲ್ಲ. ಕೆಂಚವ್ವ ಒಂದು ಹೆಂಟೆ ಎಬ್ಬಿಸಿ ನೀರಿನ ಕೊಡಕ್ಕೆ ಹಾಕಿಟ್ಟಳು. ಸಂಜೆಗೆ ಅದು ಉಬ್ಬಿ ರಾಡಿಯಾಗಿತ್ತು. ಬಿಸಿಲಿಗೆ ಗಟ್ಟಿಯಾದ ಎರೆಮಣ್ಣು ಅದು. ಉಡವೂ ಹೊಗೆಯಾಯಿತು.

ಮೂರನೆಯ ಕಡೆ ಚಿನ್ನದ ಹೆಬ್ಬಾವು ಕರೆಯಿತು. ಅಲ್ಲಿದ್ದದ್ದು ನಿಜವಾದ ಬಂಡೆಯೇ. ಆಳುಗಳು ಸಂತೋಷಪಟ್ಟು ಸಲಿಕೆ ಕೆಳಗಿಟ್ಟರು. ಕೆಂಚವ್ವ ಮಾತ್ರ ಬಂಡೆಯ ಅಂಚಿಗೆ ಇಳಿದು ನೋಡಿದಳು. ಬಂಡೆ ಪದರ ಪದರವಾಗಿ ಹೊಳೆಯ ಕಡೆಗೇ ವಾಲಿತ್ತು. ಪದರಗಳ ನಡುವೆ ಬೆಣ್ಣೆಯಂಥ ಜೇಡಿ. ಭಾರ ಬಿದ್ದರೆ ಜಾರುವುದೇ. ಬೇಡವೆಂದಳು. ಹಾವೂ ಹೊಗೆಯಾಯಿತು.

ಯಾವ ಪ್ರಾಣಿಯೂ ಕರೆಯದ ಜಾಗವೊಂದು ಉಳಿದಿತ್ತು. ಹೊಳೆಯ ಅಗಲ ಅಲ್ಲಿ ಹೆಚ್ಚು, ಮೇಲೆಲ್ಲ ಪುಡಿಪುಡಿ ಗರಸು. ಅವಳು ಅಲ್ಲಿ ತೋಡಲು ಹೇಳಿದಳು. ಐದಾಳುದ್ದ ತೋಡಿದರೂ ಗರಸೇ. ಆಳುಗಳಲ್ಲಿ ಅರ್ಧ ಜನ ಕೆಲಸ ಬಿಟ್ಟರು. ದೊರೆಯ ಮಂತ್ರಿ ಬಂದು ಗದರಿಕೊಂಡ. ತಮ್ಮನನ್ನು ತಾನೇ ಮರಳಾಗಿಸುತ್ತಿದ್ದೇನೇನೋ ಎಂದು ಕೆಂಚವ್ವನಿಗೂ ಅನ್ನಿಸಿತು. ಆದರೂ ಬುಟ್ಟಿಯಲ್ಲಿ ಬರುವ ಗರಸನ್ನು ಅವಳು ದಿನವೂ ಹಿಚುಕಿ ನೋಡುತ್ತಿದ್ದಳು. ಮೊದಲು ಪುಡಿಯಾಗುತ್ತಿದ್ದದ್ದು ಈಗ ಬೆರಳಿಗೆ ಚುಚ್ಚುತ್ತಿತ್ತು.

"ಇದು ಕೊಳೆತ ಕಲ್ಲು, ಬುದ್ಧಿ," ಎಂದಳು ಮಂತ್ರಿಗೆ. "ಇದರ ತಾಯಿ ಕೆಳಗಿದ್ದಾಳೆ. ಇನ್ನೆರಡಾಳುದ್ದ ಇಳಿಯೋಣ."

ಎರಡಲ್ಲ, ಮೂರಾಳುದ್ದ ಇಳಿದ ಮೇಲೆ ಹಾರೆ ಠಣ್ಣೆಂದಿತು. ಕೆಂಚವ್ವ ತಾನೇ ಇಳಿದು ಮೂಲೆಮೂಲೆಯಲ್ಲೂ ಬಡಿದಳು. ಎಲ್ಲ ಕಡೆ ಅದೇ ಸದ್ದು. ಉಳಿದ ಕಂಬಗಳಿಗೂ ಹಾಗೆಯೇ ಗಟ್ಟಿಕಲ್ಲು ಸಿಗುವತನಕ ತೋಡಿಸಿದಳು.

ಸೇತುವೆ ಎದ್ದಿತು. ಮಳೆಗಾಲ ಬಂತು. ಹೊಗೆಗಣ್ಣ ಮರಗಳನ್ನು ಕಿತ್ತು ಕಂಬಗಳಿಗೆ ಬಡಿದ, ನೀರಿಗೆ ಸುಳಿ ಹಾಕಿದ, ಬುಡದ ಮಣ್ಣನ್ನೆಲ್ಲ ಕೆರೆದ. ಕೆರೆದಷ್ಟೂ ಬಂಡೆಯೇ ಸಿಕ್ಕಿತು. ಮಳೆಗಾಲದ ಕೊನೆಯ ದಿನ ಅವನ ಉಗುರು ಸವೆದು, ಕೈ ಸವೆದು, ಮೈಯೆಲ್ಲ ಸವೆದು ನೀರಲ್ಲಿ ಕದಡಿಹೋದ.

ಕಲ್ಲಾಗಿದ್ದವರು ಒಬ್ಬೊಬ್ಬರಾಗಿ ದಡ ಹತ್ತಿದರು. ದ್ಯಾವಣ್ಣ ಒದ್ದೆ ಮೈಯಲ್ಲೇ ಸೇತುವೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ಅಕ್ಕಾ, ಇಷ್ಟುದ್ದ ಯಾಕೆ ಕಟ್ಟಿಸಿದೆ?"

"ನಡಿ, ಹೇಳ್ತೀನಿ," ಎಂದಳು ಕೆಂಚವ್ವ. ಅವನ ಕೈ ಹಿಡಿದು ಆಚೆ ದಡ ಸೇರುವತನಕ ಹೇಳುತ್ತಲೇ ಹೋದಳು. ಆಮೇಲೆ ನೀಲಕೋಟೆಯಲ್ಲಿ ಎರಡೂ ದಡದವರು ಹೋಗುತ್ತ ಬರುತ್ತ ಸುಖವಾಗಿ ಬಾಳಿದರು.