ಹತ್ತರ ಶೆಲ್, ಇಪ್ಪತ್ತರ ಶಾಫ್ಟ್

ಹಳೆಯ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿ ಹೊಲಕ್ಕೆ ಕಳಿಸಿದ ಎರಡನೇ ದಿನವೇ ಅದು ಹಗ್ಗ ಕಟ್ಟಿಸಿಕೊಂಡು ವರ್ಕ್‌ಶಾಪಿಗೆ ವಾಪಸಾಯಿತು. ಸ್ಟಾರ್ಟ್ ಮಾಡಿದರೆ ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು.

"ಶಾಫ್ಟ್ ಸರಿಯಾಗಿ ಗ್ರೈಂಡ್ ಆಗಿಲ್ಲ," ಎಂದರು ವರ್ಕ್‌ಶಾಪಿನ ಯಜಮಾನರು. "ಪಕ್ಕದ ಟರ್ನರಮ್ಮನಿಗೆ ಇನ್ನು ನಮ್ಮ ಕೆಲಸ ಕೊಡೋದು ಬೇಡ."

ತಗಡಿನ ಗೋಡೆಯಾಚೆ ಲೇತ್ ಮುಂದೆ ನಿಂತಿದ್ದ ಅವಳಿಗೆ ಅದು ಪೂರ್ತಿ ಕೇಳಿಸಿತು. ಅಪ್ಪನಿಂದ ಕಲಿತ ಕೆಲಸ, ಅಪ್ಪ ಬಿಟ್ಟುಹೋದ ಶೆಡ್ಡು. ಈ ಮಾತು ಹರಡಿದರೆ ನಾಳೆಯಿಂದ ಅವಳ ಬಾಗಿಲಿಗೆ ಯಾರೂ ಬರುವುದಿಲ್ಲ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಆ ಎಂಜಿನ್ ಕಟ್ಟಿದ ಮೇಸ್ತ್ರಿ ಅಲ್ಲೇ ನಿಂತಿದ್ದ. ತುಟಿ ಪಿಟಕ್ಕೆನ್ನಲಿಲ್ಲ.

ಆರು ತಿಂಗಳಿಂದ ಅವನ ನೋಟ ಬದಲಾಗಿತ್ತು. ಮೊದಲೆಲ್ಲ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದವನು, ಈಗ ಗಲ್ಲ ಒಂಚೂರು ಅತ್ತ ತಿರುಗಿಸಿ ಕಣ್ಣಂಚಿನಿಂದ ಅವಳನ್ನು ನೋಡುತ್ತಿದ್ದ. ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡುತ್ತಿದ್ದ.

"ಪಾಯಿಂಟಮ್ಮಾ, ಇವತ್ತು ಸಿಟ್ಟು ಎಷ್ಟು ಪಾಯಿಂಟ್ ಇದೆ?" ಎಂದು ಕೇಳುತ್ತಿದ್ದ. ಇಂಚಿನ ಸಾವಿರದಲ್ಲೊಂದು ಪಾಲಿಗೆ ಪಾಯಿಂಟ್ ಎನ್ನುತ್ತಾರೆ; ಅಳತೆ ಬಿಟ್ಟು ಅವಳಿಗೆ ಬೇರೆ ಮಾತಿಲ್ಲವೆಂದು ಅವನಿಟ್ಟ ಹೆಸರು ಅದು.

"ಹತ್ತಿರ ಬಂದು ಅಳೀರಿ, ಗೊತ್ತಾಗುತ್ತೆ," ಎನ್ನುತ್ತಿದ್ದಳು ಅವಳು.

ಆ ವಾರೆನೋಟವನ್ನು ನಂಬಿ ಅವಳು ಲೇತಿನ ಮೇಲಿನ ಮೊಳೆಗೆ ಪುಟ್ಟದೊಂದು ಕನ್ನಡಿ ನೇತುಹಾಕಿದ್ದಳು. ಮೂವತ್ತಾರನೇ ವಯಸ್ಸಿನಲ್ಲಿ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳು ಮೈಕ್ರೋಮೀಟರ್ ಹಿಡಿದು ಒಳಗೆ ಬಂದಳು. ಮೇಸ್ತ್ರಿ ಒಬ್ಬನೇ ಇದ್ದ. ಬಿಚ್ಚಿದ ಕ್ರ್ಯಾಂಕ್ ಶಾಫ್ಟ್ ಬೆಂಚಿನ ಮೇಲಿತ್ತು. ಅವಳು ಅವನ ಕಡೆ ನೋಡದೆ ಅಳೆದಳು. ಪಿಸ್ಟನ್ನಿನ ರಾಡ್‌ಗಳು ಕೂರುವ ನಾಲ್ಕು ಜಾಗದಲ್ಲಿ ಮೂರು ಅವಳು ಗ್ರೈಂಡ್ ಮಾಡಿಕೊಟ್ಟ ಅಳತೆಯಲ್ಲೇ ಇದ್ದವು, ಇಪ್ಪತ್ತು ಪಾಯಿಂಟ್ ಸಣ್ಣ. ಮೂರನೆಯದು ಮಾತ್ರ ಗೀರು ಬಿದ್ದು ಹಾಳಾಗಿತ್ತು.

ಶಾಫ್ಟ್ ಎಷ್ಟು ಸಣ್ಣಗಾಗಿದೆಯೋ ಬೇರಿಂಗ್ ಶೆಲ್ ಅಷ್ಟು ದಪ್ಪ ಇರಬೇಕು, ಇಲ್ಲದಿದ್ದರೆ ನಡುವೆ ಸಂದು ಬಿಟ್ಟು ಬಡಿಯುತ್ತದೆ. ಅರ್ಧ ಬಳೆಯಂಥ ಆ ತುಂಡುಗಳ ಬೆನ್ನಿನ ಮೇಲೆ ಅಳತೆ ಒತ್ತಿರುತ್ತದೆ. ಅವಳು ಒಂದೊಂದಾಗಿ ಮಗುಚಿದಳು. ಇಪ್ಪತ್ತು, ಇಪ್ಪತ್ತು. ಮೂರನೇ ರಾಡಿನ ಜೋಡಿ ಮಾತ್ರ ಹತ್ತು.

ಅದನ್ನು ಅವನ ಮುಂದೆ ಹಿಡಿದಳು. "ಓದಿ."

ಅವನು ತಲೆ ವಾಲಿಸಿದ, ಇನ್ನೂ ವಾಲಿಸಿದ. "ಇಪ್ಪತ್ತು."

"ಸರಿಯಾಗಿ ನೋಡಿ ಓದಿ."

ಅವನು ಹೆಬ್ಬೆರಳಿನಿಂದ ಆ ಅಂಕಿಯನ್ನು ಸವರಿದ. ಮೆಲ್ಲಗೆ ಕೇಳಿದ, "ಎಷ್ಟಿದೆ?"

"ಹತ್ತು," ಎಂದಳು ಅವಳು.

"ನೇರ ನೋಡಿದ್ದು ಕಾಣಲ್ಲ," ಎಂದ ಅವನು. "ನಡುವೆ ಒಂದು ಮಸಿ ಬೊಟ್ಟು ಕೂತಿದೆ. ಅಕ್ಕಪಕ್ಕ ಮಾತ್ರ ಕಾಣುತ್ತೆ. ವಾಸಿಯಾಗಲ್ಲ ಅಂದ್ರು ಡಾಕ್ಟ್ರು."

"ಎಷ್ಟು ದಿನದಿಂದ?"

"ಆರು ತಿಂಗಳಾಯ್ತು."

ಆರು ತಿಂಗಳು. ಹಾಗಾದರೆ ಆ ವಾರೆನೋಟ ಅವಳಿಗಾಗಿ ಅಲ್ಲ. ನಾಚಿಕೆ ಮೊದಲು ಬಂತು, ಅದರ ಬೆನ್ನಿಗೇ ಸಿಟ್ಟು. "ಹಾಗಿದ್ದೂ ಸುಮ್ನಿದ್ರಿ. ನನ್ನ ಅನ್ನಕ್ಕೆ ಕಲ್ಲು ಬೀಳೋದನ್ನ ನೋಡ್ತಾ ನಿಂತ್ರಿ."

"ಮೂರು ಸಲ ಬಾಯಿ ತೆರೆದೆ. ಹೇಳಿದ್ರೆ ಕೈಲಿರೋ ಸ್ಪ್ಯಾನರ್ ಇವತ್ತೇ ಕಿತ್ಕೋತಾರೆ. ಈ ಕೈ ಬಿಟ್ರೆ ನಂಗೆ ಇನ್ನೇನಿದೆ?"

ಅವಳು ಶೆಲ್ಲನ್ನು ಬೆಂಚಿನ ಮೇಲಿಟ್ಟು ಹೊರಟುಹೋದಳು.

ಯಜಮಾನರು ಊಟ ಮುಗಿಸಿ ಬಂದಾಗ ಗೋಡೆಯಾಚೆಯಿಂದ ಅವನ ದನಿ ಕೇಳಿಸಿತು. ತಪ್ಪು ಟರ್ನರಮ್ಮನದಲ್ಲ, ತನ್ನದು, ತನಗೆ ಕಣ್ಣು ಕಾಣುತ್ತಿಲ್ಲ ಎಂದು ಹೇಳಿದ. ಆಮೇಲೆ ಯಜಮಾನರ ಮಾತು, ಬೈಗುಳಕ್ಕಿಂತ ಭಾರವಾಗಿ: "ಇದೊಂದು ಎಂಜಿನ್ ಮುಗಿಸಿಕೊಡಿ, ಮೇಸ್ತ್ರಿ. ಆಮೇಲೆ ನಾನಾದ್ರೂ ಏನು ಮಾಡ್ಲಿ."

ಅವಳು ಗೀರು ಹೋಗುವಂತೆ ಶಾಫ್ಟನ್ನು ಮೂವತ್ತಕ್ಕೆ ಗ್ರೈಂಡ್ ಮಾಡಿ ತಂದಳು. ಯಾರೂ ಕರೆಯದಿದ್ದರೂ ಅವನ ಎದುರಿಗೆ ಕೂತಳು.

"ಮೂವತ್ತು," ಎಂದು ಪ್ರತಿ ಶೆಲ್ಲಿನ ಬೆನ್ನನ್ನೂ ಓದಿ ಅವನ ಅಂಗೈಯಲ್ಲಿಟ್ಟಳು. ಅವನು ಹೆಬ್ಬೆರಳಿನಿಂದ ಸವರಿ, ಕೂದಲೆಳೆಯಷ್ಟು ಧೂಳಿದ್ದರೂ ಒರೆಸಿ, ರಾಡ್‌ನಲ್ಲಿ ಕೂರಿಸಿದ. ಮೇಣದ ಎಳೆಯೊಂದನ್ನು ನಡುವೆ ಇಟ್ಟು ಬಿಗಿದು ಬಿಚ್ಚಿದರೆ, ಅದು ಎಷ್ಟು ಚಪ್ಪಟೆಯಾಗಿದೆ ಎಂಬುದರಿಂದ ಒಳಗಿನ ಸಂದು ತಿಳಿಯುತ್ತದೆ. ಅದನ್ನೂ ಅವಳೇ ನೋಡಿ ಹೇಳಿದಳು. "ಎರಡು ಪಾಯಿಂಟ್. ಸರಿ ಇದೆ."

ಕೆಲಸದ ಮಾತು ಬಿಟ್ಟು ಎರಡು ದಿನ ಬೇರೆ ಮಾತಿಲ್ಲ. ಮೂರನೇ ದಿನ ಕೊನೆಯ ಬೋಲ್ಟ್ ಬಿಗಿಯುವಾಗ ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಕಡೆ ಹಾಗೆ ವಾರೆಯಾಗಿ ನೋಡ್ತಿದ್ದದ್ದು ಇದಕ್ಕೇನಾ? ನಾನು ಏನೇನೋ ಅಂದ್ಕೊಂಡಿದ್ದೆ."

ಅವನ ಕೈ ನಿಂತಿತು. "ಸ್ಪ್ಯಾನರ್ ಬೇಕಾದ್ರೆ ತಡಕ್ತೀನಿ. ನಟ್ಟು ಬಿದ್ರೆ ಸವರಿ ಹುಡುಕ್ತೀನಿ. ಬೇರೆಯವರ ಮುಖ ಕಾಣದಿದ್ರೆ ದನಿ ಸಾಕು ಅಂತ ಬಿಡ್ತೀನಿ. ಕತ್ತು ತಿರುಗಿಸಿ ಕಷ್ಟಪಟ್ಟು ನೋಡಿದ್ದು ನಿನ್ನನ್ನ ಮಾತ್ರ."

ಮೊದಲ ಸಲ 'ನೀನು' ಎಂದಿದ್ದ. ಅವಳು ತಲೆ ಬಗ್ಗಿಸಿ, ಒರೆಸಿದ್ದ ಬೋಲ್ಟನ್ನೇ ಮತ್ತೆ ಮತ್ತೆ ಒರೆಸಿದಳು.

ನಾಲ್ಕನೇ ದಿನ ಎಂಜಿನ್ ಸ್ಟಾರ್ಟ್ ಆಯಿತು. ಬಡಿತವಿಲ್ಲ. ಆಯಿಲ್ ಮೀಟರಿನ ಮುಳ್ಳು ಎದ್ದು ನಿಂತಿತು. "ಎದ್ತು," ಎಂದಳು ಅವನ ಕಿವಿಯ ಹತ್ತಿರ. ಅವನು ಬಾನೆಟ್ ಮೇಲೆ ಅಂಗೈಯಿಟ್ಟು ಅದರ ನಡುಕವನ್ನು ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಟೂಲ್ ಬಾಕ್ಸ್ ಎತ್ತಿಕೊಂಡು, ಯಾರಿಗೂ ಹೇಳದೆ ಬಸ್ ಸ್ಟಾಪಿಗೆ ನಡೆದ.

ಅವಳು ಶೆಡ್ಡಿಗೆ ಬೀಗ ಹಾಕಿ ಓಡಿ ಹಿಡಿದಳು.

"ವಾಪಸ್ ಹೋಗು," ಎಂದ. "ಇನ್ನೊಂದು ವರ್ಷ, ಹೆಚ್ಚಂದ್ರೆ ಎರಡು. ಆಮೇಲೆ ರಸ್ತೆ ದಾಟೋಕೂ ನಿನ್ನ ಕೈ ಹಿಡೀಬೇಕಾಗುತ್ತೆ."

"ಅದಕ್ಕೆ ಅಲ್ಲೀವರೆಗೂ ಕಾಯ್ಬೇಕಾ?"

"ತಮಾಷೆ ಬೇಡ. ನನಗೆ ಭಯ ಆಗ್ತಿದೆ."

"ನನಗೂ ಆಗ್ತಿದೆ." ಅವಳು ಅವನ ಎದುರಿಗೆ ಬಂದು ನಿಂತಳು. "ನೀನು ಅವತ್ತು ಸುಮ್ಮನೆ ನಿಂತಿದ್ದನ್ನೂ ನಾನಿನ್ನೂ ಮರೆತಿಲ್ಲ. ಜಗಳ ಬಾಕಿ ಇದೆ. ಅದು ಬಸ್ ಸ್ಟಾಪಲ್ಲಿ ನಿಂತು ಮುಗಿಯೋ ಜಗಳ ಅಲ್ಲ."

ಬಸ್ಸು ಬಂತು. ಅವನು ಹತ್ತಿದ, ಅವಳೂ ಹತ್ತಿದಳು. ಕಂಡಕ್ಟರ್ ಬಂದಾಗ ಅವನು ತನ್ನ ಸ್ಟಾಪಿನ ಹೆಸರು ಹೇಳಿದ. ಇಷ್ಟು ವರ್ಷ ಪಕ್ಕದಲ್ಲೇ ದುಡಿದರೂ ಅವನ ಮನೆ ಎಲ್ಲಿ ಎಂದು ಅವಳಿಗೆ ಗೊತ್ತಿರಲಿಲ್ಲ.

"ನಿಮಗೆ ಎಲ್ಲಿಗಮ್ಮಾ?" ಎಂದ ಕಂಡಕ್ಟರ್.

"ಅಲ್ಲಿಗೇ," ಎಂದಳು.

ಅವನು ಸೀಟಿನ ಮೇಲಿದ್ದ ಟೂಲ್ ಬಾಕ್ಸನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆ ಸರಿದು, ಅವಳಿಗೆ ಜಾಗ ಮಾಡಿಕೊಟ್ಟ.