ಬಿಟ್ಟದ್ದು ಯಾರ ತಲೆಯಲ್ಲಿದೆ

ತಿಪಟೂರಿನ ಹಳೇ ಸಂತೆ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಆ ದಿನ ಹನ್ನೊಂದು ಗಂಟೆಗೇ ಬೀಸುವ ಕೆಲಸ ನಿಂತಿತು. ಗಿರಣಿಯ ಒಡತಿ ಲಿಖಿತಾ ತಲೆಗೂದಲಿನ ಹಿಟ್ಟು ಕೊಡವಿಕೊಂಡು, ಅಂಗೈಯಗಲದ ಒಂದು ಪಟ್ಟಿಯನ್ನು ಹಣೆಯಿಂದ ಎರಡೂ ಕಿವಿಗಳ ಮೇಲಕ್ಕೆ ಬಿಗಿದುಕೊಂಡಳು. ಎದುರು ಗೋಡೆಗೆ ಒರಗಿಸಿದ್ದ ಪರದೆಯ ಮೇಲೆ ಚಲನಚಿತ್ರವೊಂದರ ದೃಶ್ಯ ಓಡತೊಡಗಿತು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಹೆಂಗಸೊಬ್ಬಳು ಊಟದ ಡಬ್ಬಿ ಹಿಡಿದು ಎಂದಿನಂತೆ ಕೆಲಸಕ್ಕೆ ಬರುತ್ತಾಳೆ. ಗೇಟಿಗೆ ಬೀಗ. ಎರಡು ನಿಮಿಷ ಅವಳು ಅಲ್ಲೇ ನಿಂತಿರುತ್ತಾಳೆ, ಒಂದು ಮಾತೂ ಇಲ್ಲ.

ಲಿಖಿತಾಳ ತುಟಿ ಅಲುಗಲಿಲ್ಲ. ಆದರೆ ಜೋಳದ ಚೀಲಗಳ ಮೇಲಿಟ್ಟಿದ್ದ ಎರಡು ಸ್ಪೀಕರುಗಳಿಂದ ಸಂಗೀತ ಹೊರಟಿತು. ಮೊದಲು ತಗ್ಗಿನ ಒಂದೇ ಸ್ವರ, ಹತ್ತಾರು ತಂತಿವಾದ್ಯಗಳು ಒಟ್ಟಿಗೆ ಹಿಡಿದಂತೆ. ಗೇಟಿನ ಬೀಗ ಕಂಡ ಕ್ಷಣದಲ್ಲಿ ಆ ಸ್ವರ ಹಾಗೇ ಉಳಿದು ಅದರೊಳಗಿನ ತೂಕ ಮಾತ್ರ ಮಾಯವಾಯಿತು. ಗಿರಣಿಯಲ್ಲಿ ಕೆಲಸ ಮಾಡಿದವರಿಗೆ ಆ ಸದ್ದು ಗೊತ್ತು. ಕಾಳು ಮುಗಿದ ಮೇಲೂ ಕಲ್ಲು ತಿರುಗುತ್ತಿರುತ್ತದೆ, ಸದ್ದು ಬೇರೆಯಾಗಿರುತ್ತದೆ, ಪಕ್ಕದ ಕೋಣೆಯಲ್ಲಿದ್ದರೂ ಗಿರಣಿಯವರು ಎದ್ದು ಓಡಿಬರುತ್ತಾರೆ.

ಚಿತ್ರದ ನಿರ್ದೇಶಕ ಜುನೈದ್ ದೃಶ್ಯವನ್ನು ನಿಲ್ಲಿಸಿದ. ಆಮೇಲೆ ಕೇಳಿದ, "ಇಲ್ಲಿ ಎಲ್ಲರೂ ಪಿಟೀಲು ಹಾಕ್ತಾರೆ ಅಕ್ಕ. ನೀವ್ಯಾಕೆ ಹಾಕ್ಲಿಲ್ಲ?"

"ಅವಳೇ ಅಳ್ತಿಲ್ವಲ್ಲಪ್ಪ. ಅವಳ ಪರವಾಗಿ ನಾವ್ಯಾಕೆ ಅಳೋಣ?" ಎಂದಳು ಲಿಖಿತಾ.

ಆ ಪಟ್ಟಿಯನ್ನು ರೂಪಿಸಿದವರು ಮೈಸೂರಿನ ನರವಿಜ್ಞಾನಿ ಡಾ. ಸ್ಫೂರ್ತಿ. ಮನಸ್ಸಿನಲ್ಲೇ ಹಾಡಿಕೊಳ್ಳುವಾಗಲೂ ಮಿದುಳಿನ ಕೇಳುವ ಭಾಗ ನಿಜವಾಗಿ ಕೇಳಿಸಿಕೊಂಡಾಗಿನಂತೆಯೇ ಮಿಡಿಯುತ್ತದೆ. ಆ ಮಿಡಿತದಿಂದ ಹುಟ್ಟುವ ಕಾಂತಶಕ್ತಿ ಭೂಮಿಯ ಕಾಂತಶಕ್ತಿಯ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಪಟ್ಟಿಯೊಳಗಿನ ಅಕ್ಕಿಕಾಳಿನಷ್ಟು ಸಣ್ಣ ಸಂವೇದಕಗಳು ಅಷ್ಟನ್ನೇ ಹಿಡಿದು ಸ್ವರವಾಗಿಸುತ್ತಿದ್ದವು. ವಿಜ್ಞಾನಿಗಳ ಪತ್ರಿಕೆಯಲ್ಲಿ ಅದಕ್ಕೆ ಹನ್ನೊಂದು ಪದಗಳ ಹೆಸರಿತ್ತು. ಜನ ಅದನ್ನು ತಲೆಪಟ್ಟಿ ಅಂದರು.

ಪಾರ್ಶ್ವವಾಯು ಹೊಡೆದು ಮಾತು ನಿಂತವರಿಗಾಗಿ ಮಾಡಿದ ಸಾಧನ ಅದು. ಸಂಗೀತಕ್ಕೆ ಅದು ಒದಗಬಹುದೆಂದು ಹೊಳೆದ ಮೇಲೆ ಸ್ಫೂರ್ತಿ ಸಂಗೀತ ಕಲಿಯದ ನೂರು ಜನರಿಗೆ ಅದನ್ನು ತೊಡಿಸಿ ನೋಡಿದರು. ತೊಂಬತ್ತಮೂರು ಜನರ ತಲೆಯಿಂದ ಹೊರಟದ್ದು ಹಳೆಯ ಹಾಡುಗಳೇ, ಅದೂ ಅರೆಬರೆ. ತಮಗೂ ಸಂಗೀತ ಬರುತ್ತದೆಂದು ನಂಬಿದ್ದ ಬಹಳ ಜನ ಅವತ್ತು ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದರು. ಉಳಿದ ಏಳು ಜನರ ತಲೆಯಲ್ಲಿ ಮಾತ್ರ ಯಾರೂ ಕೇಳದ ಸಂಗೀತವಿತ್ತು. ಅವರಲ್ಲಿ ಲಿಖಿತಾ ಒಬ್ಬಳು. ಇಪ್ಪತ್ತೆರಡು ವರ್ಷ ಗಿರಣಿಯ ಸದ್ದಿನ ನಡುವೆ ಯಾರಿಗೂ ಕೇಳದಂತೆ ಒಳಗೊಳಗೇ ಕಟ್ಟಿಕೊಂಡಿದ್ದಳು. ತನ್ನ ಗಂಡನಿಗೂ ಹೇಳಿರಲಿಲ್ಲ.

ಹವ್ಯಾಸಿಗಳು ಚಿತ್ರಕ್ಕೆ ಸಂಗೀತ ಮಾಡಬಲ್ಲರೇ ಎಂಬ ಪ್ರಶ್ನೆಗೆ ಇಷ್ಟು ಉತ್ತರ ಸಾಕಿತ್ತು. ನೂರಕ್ಕೆ ಏಳು ಜನ ಬಲ್ಲರು. ಏಳು ಜನರನ್ನು ಒಳಗೆ ಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ಕೂತವರಿಗೆ ಬಾಗಿಲೇ ಜೀವನ. ಚಿತ್ರ ಸಂಗೀತಗಾರರ ಮಂಡಳಿ ಎಂಬುದೊಂದಿತ್ತು. ಅದರ ಒಪ್ಪಿಗೆ ಪತ್ರವಿಲ್ಲದೆ ಯಾವ ಚಿತ್ರಮಂದಿರವೂ ಚಿತ್ರ ಹಾಕುವಂತಿರಲಿಲ್ಲ. ಮಂಡಳಿಯ ಕಾರ್ಡ್ ಇಲ್ಲದವರ ಹೆಸರು 'ಸಂಗೀತ' ಎಂಬ ಪದದ ಮುಂದೆ ಬರುವಂತಿರಲಿಲ್ಲ. ಕಾರ್ಡ್ ಬೇಕಾದರೆ ಹತ್ತು ವರ್ಷ ಕಾರ್ಡ್ ಇದ್ದವರ ಕೈಕೆಳಗೆ ದುಡಿದಿರಬೇಕು. ಕೈಕೆಳಗೆ ದುಡಿದವರಲ್ಲಿ ಎಷ್ಟು ಜನರಿಗೆ ಕಾರ್ಡ್ ಸಿಕ್ಕಿತು ಎಂಬುದನ್ನು ಯಾರೂ ಕೇಳಿರಲಿಲ್ಲ.

ಜುನೈದ್ ತನ್ನ ಚಿತ್ರಕ್ಕೆ 'ಸಂಗೀತ: ಲಿಖಿತಾ' ಎಂದು ಬರೆದು ಕಳಿಸಿದ. ನಾಲ್ಕನೇ ದಿನಕ್ಕೆ ಮಂಡಳಿಯಿಂದ ಉತ್ತರ ಬಂತು. ಸದರಿ ಸಂಗೀತವನ್ನು ಯಂತ್ರ ರಚಿಸಿದ್ದು, ಸದರಿ ಮಹಿಳೆ ಗುಂಡಿ ಒತ್ತಿದ್ದಾರೆ ಅಷ್ಟೇ, ವಿಚಾರಣೆಗೆ ಹಾಜರಾಗತಕ್ಕದ್ದು. ಇಪ್ಪತ್ತೆರಡು ವರ್ಷ ಒಳಗೆ ಇಟ್ಟುಕೊಂಡದ್ದನ್ನು ಗುಂಡಿ ಒತ್ತಿದ್ದು ಅಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಲಿಖಿತಾ ಕಾಗದವನ್ನು ಎರಡು ಸಲ ಓದಿ ಮಡಚಿಟ್ಟಳು.

"ಡಾಕ್ಟ್ರಮ್ಮ, ನಂಗೆ ಇನ್ನೇನೂ ಬ್ಯಾಡ," ಎಂದಳು ಸ್ಫೂರ್ತಿ, ಜುನೈದರ ಜೊತೆ ಬೆಂಗಳೂರಿಗೆ ಹೋಗುವ ರೈಲಿನಲ್ಲಿ. "ಒಂದೇ ಒಂದ್ಸಲ ಆ ಪರದೆ ಮೇಲೆ ನನ್ನ ಹೆಸರು ಬಂದ್ರೆ ಸಾಕು. ನಮ್ಮನೇವ್ರು ನೋಡ್ಲಿ. ಇವಳು ಸುಮ್ನೆ ಹಿಟ್ಟು ಬೀಸ್ಕೊಂಡಿರ್ಲಿಲ್ಲ ಅಂತ ಗೊತ್ತಾಗ್ಲಿ."

ಮಂಡಳಿಯ ಸಭಾಂಗಣದಲ್ಲಿ ಅಧ್ಯಕ್ಷ ನಚಿಕೇತರು ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಇನ್ನೂರ ಹನ್ನೆರಡು ಚಿತ್ರಗಳಿಗೆ ಸಂಗೀತ ಕೊಟ್ಟವರೆಂದು ಹೆಸರಾದವರು. ಅವರ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವರ ಬ್ಯಾಗು ಮತ್ತು ನೀರಿನ ಬಾಟಲಿ ಹಿಡಿದುಕೊಂಡು, ಸಹಾಯಕ ಚಿರಂತ್ ಕೂತಿದ್ದ. ಐವತ್ತು ದಾಟಿದ ಮನುಷ್ಯ, ಇಪ್ಪತ್ತಾರು ವರ್ಷದಿಂದ ಅವರ ಸಹಾಯಕ.

ಮೊದಲು ಗೇಟಿನ ದೃಶ್ಯವನ್ನು ಲಿಖಿತಾಳ ಸಂಗೀತದೊಂದಿಗೆ ತೋರಿಸಿದರು. ಮುಗಿದಾಗ ಇಬ್ಬರು ಸದಸ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ನಚಿಕೇತರು ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಚೆನ್ನಾಗಿದೆ. ಇಲ್ಲ ಅನ್ನಲ್ಲ. ಆದ್ರೆ ಸಂಗೀತ ಅಂದ್ರೆ ಸಾಧನೆ. ಯಂತ್ರ ಮಾಡಿದ್ದಕ್ಕೆ ನಿನ್ನ ಹೆಸರು ಹಾಕಿದ್ರೆ ನಾಳೆ ಬೀದೀಲಿ ಹೋಗೋರೆಲ್ಲ ಬರ್ತಾರೆ. ಒಂದು ಕೆಲಸ ಮಾಡೋಣ. ಸಂಗೀತ ಅಂತ ನನ್ನ ಹೆಸರಿರಲಿ. ಕೆಳಗೆ ಸಹಕಾರ ಅಂತ ನಿನ್ನ ಹೆಸರು ಹಾಕ್ಸ್ತೀನಿ. ಎಷ್ಟೋ ಜನಕ್ಕೆ ಅದೂ ಸಿಕ್ಕಿಲ್ಲ."

"ನೀವು ಏನ್ ಸಹಾಯ ಮಾಡಿದ್ರಿ ಅಂತ ಸಾರ್ ನಿಮ್ಮ ಹೆಸರು?" ಎಂದು ಲಿಖಿತಾ ಕೇಳಿದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದ್ದಳು. ನಚಿಕೇತರು ನೀರಿನ ಬಾಟಲಿಗಾಗಿ ಹಿಂದಕ್ಕೆ ಕೈ ಚಾಚಿದರು.

ಸ್ಫೂರ್ತಿ ಎದ್ದು ನಿಂತರು. "ಯಂತ್ರವೇ ರಚಿಸೋದು ಅನ್ನೋದಾದ್ರೆ ಪರೀಕ್ಷೆ ಸುಲಭ, ಸರ್. ನೀವೇ ತೊಟ್ಟು ಇದೇ ದೃಶ್ಯ ನೋಡಿ. ನಿಮಗೂ ಅದು ಏನಾದ್ರೂ ರಚಿಸಿ ಕೊಡ್ಬೇಕು ಅಲ್ವಾ?"

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಡವೆಂದರೆ ಮರ್ಯಾದೆ ಪ್ರಶ್ನೆ. ಪಟ್ಟಿಯನ್ನು ನಚಿಕೇತರ ತಲೆಗೆ ಹೊಂದಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಗೊತ್ತಿರುವ ಸ್ವರಗಳನ್ನು ಒಂದೊಂದಾಗಿ ಕೇಳಿಸಿ, ಪ್ರತಿಯೊಂದಕ್ಕೂ ಮಿದುಳು ಹೇಗೆ ಮಿಡಿಯುತ್ತದೆಂದು ಅದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ದೃಶ್ಯ ಶುರುವಾಯಿತು. ಡಬ್ಬಿ ಹಿಡಿದ ಹೆಂಗಸು ಬಂದಳು. ಸ್ಪೀಕರುಗಳು ಸುಮ್ಮನಿದ್ದವು. ಬೀಗ ಕಾಣಿಸಿತು. ಆಗ ಮೆಲ್ಲಗೆ ತಗ್ಗಿನ ಸ್ವರವೊಂದು ಎದ್ದಿತು, ತಂತಿವಾದ್ಯಗಳು ಸೇರಿಕೊಂಡವು. ಸ್ವಲ್ಪ ಮಸುಕಾಗಿ, ಅಲ್ಲಲ್ಲಿ ತಪ್ಪಿ, ಲಿಖಿತಾಳದೇ ಸಂಗೀತ. ಮುಕ್ಕಾಲು ಗಂಟೆಯ ಹಿಂದೆ ಕೇಳಿದ್ದನ್ನು ಬಿಟ್ಟು ಬೇರೇನೂ ಆ ತಲೆಯಲ್ಲಿರಲಿಲ್ಲ.

ಇಷ್ಟಾದ ಮೇಲೆ ಮನುಷ್ಯ ಅನ್ನುವವನು ತಲೆತಗ್ಗಿಸಬೇಕು. ಆದರೆ ಮಂಡಳಿಯ ಕಾರ್ಯದರ್ಶಿ ಪೆನ್ನು ತೆಗೆದು ಏನು ಬರೆದುಕೊಂಡ ಗೊತ್ತೇ? ಇಬ್ಬರ ತಲೆಯಿಂದಲೂ ಒಂದೇ ಸಂಗೀತ ಬಂದಿರುವ ಕಾರಣ, ಅದು ಯಂತ್ರದ್ದೇ ಎಂದು ಸಾಬೀತಾಗಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿದ. ಬುದ್ಧಿ ಇಲ್ಲದೆ ಬರೆದದ್ದಲ್ಲ ಅದು, ಬುದ್ಧಿ ಇದ್ದೇ ಬರೆದದ್ದು. ಸದಸ್ಯರು ಸರಿ ಸರಿ ಎಂದು ತಲೆಯಾಡಿಸಿದರು.

ಲಿಖಿತಾಳ ಮುಖ ಕೆಂಪಾಯಿತು. "ತಡೀರಿ ಸಾರ್. ಆ ದೃಶ್ಯಕ್ಕೆ ನಾನು ಇದನ್ನ ಮಾಡೋಕೆ ಮುಂಚೆ ಐದು ಸಲ ಮಾಡಿ ಬಿಟ್ಟಿದೀನಿ. ಒಂದ್ರಲ್ಲಿ ಕೊಳಲಿತ್ತು, ಸರಿಬರ್ಲಿಲ್ಲ. ಒಂದು ತೀರಾ ಉದ್ದ ಆಯ್ತು. ಮಾಡಿದೋರಿಗೆ ಬಿಟ್ಟಿದ್ದೂ ನೆನಪಿರ್ತೈತೆ. ಅಧ್ಯಕ್ಷರ ತಲೇಲಿ ಅವು ಇದಾವಾ ನೋಡಿ, ಆಮೇಲೆ ನನ್ನ ತಲೇಲಿ ನೋಡಿ."

ಸ್ಫೂರ್ತಿ ಅವಳನ್ನೇ ದಿಟ್ಟಿಸಿದರು. ಹತ್ತು ವರ್ಷ ಆ ಪಟ್ಟಿಯೊಂದಿಗೆ ಕಳೆದವರಿಗೆ ಈ ಪರೀಕ್ಷೆ ಹೊಳೆದಿರಲಿಲ್ಲ. ಅವಳು ಬಿಟ್ಟ ಆ ರಚನೆಗಳನ್ನು ನೆನೆಯಲು ನಚಿಕೇತರು ಯತ್ನಿಸಿದರು. ಸ್ಪೀಕರಿನಲ್ಲಿ ಬರಿಯ ಗುಂಯ್ ಅನ್ನುವ ಸದ್ದು. ಲಿಖಿತಾ ಪಟ್ಟಿ ತೊಟ್ಟು ಕಣ್ಣು ಮುಚ್ಚಿದಳು. ಕೊಳಲಿನದು ಬಂತು, ಉದ್ದದ್ದು ಬಂತು, ಅರ್ಧಕ್ಕೇ ಕೈಬಿಟ್ಟ ಮತ್ತೆರಡು ಬಂದವು, ತೀರಾ ಕೆಟ್ಟದೊಂದು ಬಂದಾಗ ಅವಳೇ ನಾಚಿಕೊಂಡು ನಕ್ಕಳು.

ಅಷ್ಟರಲ್ಲಿ ಹಿಂದಿನ ಕುರ್ಚಿ ಸರಿದ ಸದ್ದಾಯಿತು. ಚಿರಂತ್ ಬ್ಯಾಗನ್ನೂ ಬಾಟಲಿಯನ್ನೂ ನೆಲದ ಮೇಲಿಟ್ಟು ಮುಂದೆ ಬಂದ.

"ನಂಗೂ ಒಂದ್ಸಲ ಕೊಡ್ತೀರಾ ಮೇಡಂ?"

"ಚಿರಂತ್, ಕೂತ್ಕೊ," ಎಂದರು ನಚಿಕೇತರು.

ಅವನು ಕೂರಲಿಲ್ಲ. ಪಟ್ಟಿ ಹೊಂದಿಸಲು ಮತ್ತೆ ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಸ್ಪೀಕರಿನಿಂದ ಹೊರಟದ್ದು ನಾಡಿಗೆಲ್ಲ ಗೊತ್ತಿದ್ದ ಸಂಗೀತ. ನಚಿಕೇತರಿಗೆ ರಾಜ್ಯ ಪ್ರಶಸ್ತಿ ತಂದುಕೊಟ್ಟದ್ದು, ಮದುವೆಮನೆಗಳಲ್ಲಿ ಇಂದಿಗೂ ನುಡಿಸುವಂಥದ್ದು. ಅದು ಮುಗಿದ ಬೆನ್ನಿಗೆ ಅದರ ಇನ್ನೊಂದು ರೂಪ ಬಂತು, ಯಾರೂ ಕೇಳದ್ದು. ಮತ್ತೊಂದು ಬಂತು. ಮೂರನೆಯದು ಪ್ರಶಸ್ತಿ ಪಡೆದದ್ದಕ್ಕಿಂತ ಚೆನ್ನಾಗಿತ್ತು. ಹದಿನೇಳನೆಯದರ ಹೊತ್ತಿಗೆ ಕಾರ್ಯದರ್ಶಿ ಎದ್ದು ಸ್ಪೀಕರಿನ ವೈರನ್ನು ಕಿತ್ತ.

"ಗೆದ್ದಲು ಕಟ್ಟಿದ ಹುತ್ತ ಇದು," ಎಂದ ಚಿರಂತ್, ಪಟ್ಟಿ ಬಿಚ್ಚುತ್ತಾ. ಉಳಿದರ್ಧ ಗಾದೆಯನ್ನು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸಭೆಯನ್ನು ಅರ್ಧ ಗಂಟೆ ಮುಂದೂಡಿದರು. ಮತ್ತೆ ಸೇರಿದಾಗ ಕಾರ್ಯದರ್ಶಿಯ ಮುಖದಲ್ಲಿ ಬೆಣ್ಣೆಯಂಥ ನಗುವಿತ್ತು. ಲಿಖಿತಾ ಅವರಿಗೆ ವಿಶೇಷ ವಿನಾಯಿತಿ ನೀಡಲಾಗಿದೆ. ಅವರ ಹೆಸರನ್ನೇ ಹಾಕಬಹುದು, ಅದೂ ಒಂಟಿಯಾಗಿ, ದೊಡ್ಡ ಅಕ್ಷರದಲ್ಲಿ. ಒಂದು ಸಣ್ಣ ಷರತ್ತು. ಈ ಕೋಣೆಯಲ್ಲಿ ಚಿರಂತ್ ಅವರ ತಲೆಯಿಂದ ಕೇಳಿಬಂದದ್ದರ ಬಗ್ಗೆ ಲಿಖಿತಾ ಅವರಾಗಲಿ ಡಾಕ್ಟರಾಗಲಿ ನಿರ್ದೇಶಕರಾಗಲಿ ಹೊರಗೆ ಬಾಯಿ ಬಿಡಕೂಡದು. ಇಲ್ಲಿ ಸಹಿ.

ಕಾಗದವನ್ನು ಮೇಜಿನ ಮೇಲಿಟ್ಟರು. ಲಿಖಿತಾ ಎಷ್ಟೋ ಹೊತ್ತು ಅದನ್ನೇ ನೋಡಿದಳು. ಅವಳ ಹೆಸರು ಟೈಪಾಗಿತ್ತು, 'ಸಂಗೀತ' ಎಂಬ ಪದದ ಪಕ್ಕದಲ್ಲಿ. ಬೇಕೆಂದದ್ದು ಅದೊಂದೇ, ಅದು ಕೈಗೆಟುಕುವಷ್ಟು ಹತ್ತಿರವಿತ್ತು.

"ಹಾಕಿ ಅಕ್ಕ," ಎಂದ ಚಿರಂತ್ ಮೆಲ್ಲಗೆ. "ನಂದು ಮುಗಿದ ಕತೆ. ನಿಮ್ದಾದ್ರೂ ಬರ್ಲಿ."

"ಹೆಂಗಪ್ಪ ಹಾಕ್ಲಿ," ಎಂದಳು. "ನಿನ್ನ ಹೆಸರು ಹೂತು ಅದರ ಮೇಲೆ ನನ್ನ ಹೆಸರು ಬರೀಬೇಕಾ? ಹಂಗಂದ್ರೆ ಇವ್ರಿಗೂ ನಂಗೂ ಏನ್ ವ್ಯತ್ಯಾಸ?" ಪೆನ್ನನ್ನು ಕಾರ್ಯದರ್ಶಿಯ ಕಡೆಗೆ ಸರಿಸಿ ಎದ್ದಳು. ಅವಳಿಗೆ ಅಳು ಬಂತು, ಅಲ್ಲೇ ಎಲ್ಲರೆದುರಿಗೇ ಅತ್ತಳು, ಮರೆಮಾಚಲಿಲ್ಲ.

ಆ ಸಂಜೆಯೇ ಜುನೈದ್ ಮಂಡಳಿಯ ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಕಾರ್ಡ್ ಇಲ್ಲದವರ ಹೆಸರು ಹಾಕಕೂಡದು ಎಂದಿತ್ತು. ಹೆಸರು ಹಾಕಲೇಬೇಕು ಎಂದು ಎಲ್ಲೂ ಇರಲಿಲ್ಲ; ಅಂಥದೊಂದು ನಿಯಮ ಬೇಕಾದೀತೆಂದು ಯಾರಿಗೂ ತೋಚಿರಲಿಲ್ಲ. ಅವನು ಚಿತ್ರವನ್ನು ಮತ್ತೆ ಕಳಿಸಿದಾಗ, ನಿಯಮದಂತೆ ಒಪ್ಪಿಗೆ ಪತ್ರ ಕೊಡದೆ ಮಂಡಳಿಗೆ ವಿಧಿಯಿರಲಿಲ್ಲ. ಚಿತ್ರ ಬಿಡುಗಡೆಯಾದಾಗ ಪರದೆಯ ಮೇಲೆ 'ಸಂಗೀತ' ಎಂಬ ಪದ ಮೂಡಿತು. ಅದರ ಮುಂದೆ ಏನೂ ಇರಲಿಲ್ಲ. ಆರು ಸೆಕೆಂಡು ಆ ಖಾಲಿ ಜಾಗ ಹಾಗೇ ನಿಂತಿತು. ತಿಪಟೂರಿನ ಚಿತ್ರಮಂದಿರದಲ್ಲಿ ಲಿಖಿತಾಳ ಗಂಡ ಪಕ್ಕಕ್ಕೆ ತಿರುಗಿ, "ಅದು ನಿಂದೇನಾ?" ಎಂದು ಕೇಳಿದ. ಅವಳು ಹೂಂ ಎಂದಳು.

ಚಿರಂತನ ಕತೆಯೂ ಖಾಲಿ ಜಾಗದ ಕಾರಣವೂ ಬಾಯಿಂದ ಬಾಯಿಗೆ ಹರಡಿ, ಒಂದೇ ವರ್ಷದಲ್ಲಿ ಹನ್ನೊಂದು ಚಿತ್ರಗಳು ಹಾಗೆ ಬಂದವು. ಸಹಾಯಕರು, ವಾದ್ಯಗಾರರು, ಮನೆಯ ಮೂಲೆಯಲ್ಲಿ ಕೂತು ರಾಗ ಕಟ್ಟಿದವರು ತಮ್ಮ ಹೆಸರಿನ ಜಾಗಕ್ಕೆ ಬೇರೆಯವರ ಹೆಸರು ಬರುವುದಾದರೆ ಯಾರ ಹೆಸರೂ ಬೇಡ ಅಂದರು. ಸಂಗೀತದಿಂದ ಶುರುವಾದದ್ದು ಕತೆಗೆ, ಸಾಹಸಕ್ಕೆ, ಹಾಡಿನ ಸಾಲಿಗೆ ಹಬ್ಬಿತು. ಮಂಡಳಿ ತಲೆಪಟ್ಟಿಯನ್ನು ನಿಷೇಧಿಸಿತು. ಖಾಲಿ ಜಾಗವನ್ನು ಹೇಗೆ ನಿಷೇಧಿಸುವುದೆಂದು ಅವರಿಗೆ ತಿಳಿಯಲಿಲ್ಲ. ಜನ ಈಗ ಪ್ರತಿ ಚಿತ್ರದಲ್ಲೂ ಹೆಸರುಗಳನ್ನು ಕೊನೆಯವರೆಗೆ ಕೂತು ಓದತೊಡಗಿದರು, ಎಲ್ಲಿ ಖಾಲಿ ಇದೆಯೆಂದು ಹುಡುಕುತ್ತಾ.

ಇದೆಲ್ಲ ಆಗುವುದಕ್ಕೆ ಇನ್ನೂ ನಲವತ್ತು ವರ್ಷವಿದೆ. ತಲೆಪಟ್ಟಿ ಇನ್ನೂ ಹುಟ್ಟಿಲ್ಲ. ಈ ವಾರ ನಾವು ನೋಡುವ ಚಿತ್ರದಲ್ಲಿ ಖಾಲಿ ಜಾಗ ಒಂದೂ ಇರುವುದಿಲ್ಲ, ಪ್ರತಿಯೊಂದು ಪದದ ಮುಂದೂ ಒಂದು ಹೆಸರು ಇರುತ್ತದೆ. ಅವು ಯಾರ ಹೆಸರು ಎಂದು ನಾವು ಕೇಳುವುದಿಲ್ಲ. ಹೆಸರುಗಳು ಮೇಲೇರುವ ಹೊತ್ತಿಗೆ ಪರದೆಗೆ ಬೆನ್ನು ಹಾಕಿ, ಪಾರ್ಕಿಂಗಿನಲ್ಲಿ ಗಾಡಿ ಮೊದಲು ತೆಗೆಯಬೇಕೆಂದು ಮೆಟ್ಟಿಲಿಳಿಯುತ್ತಿರುತ್ತೇವೆ.